ದಾಸೋಹಕ್ಕೆ ಬರುವ ಆ ಇಬ್ಬರು ಹುಡುಗರು

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಒಂದು ಸಣ್ಣ ದೇವಸ್ಥಾನ. ಎರಡು ತಿಂಗಳಿಂದ ಶನಿವಾರದ ದಾಸೋಹಕ್ಕೆ ಇಬ್ಬರು ಹುಡುಗರು ಬರುತ್ತಿದ್ದಾರೆ. ಹತ್ತು, ಹನ್ನೆರಡು ವಯಸ್ಸಿರಬಹುದು. ರಾತ್ರಿ ರೈಲು ನಿಲ್ದಾಣದ ಹತ್ತಿರ ಮಲಗುತ್ತಾರಂತೆ. ಮನೆಯವರು ಯಾರೂ ಜೊತೆಗಿಲ್ಲ. ದೊಡ್ಡವನು ಬಟ್ಟೆ ಚೂರಿಗೆ ಏನೋ ಹಾಕಿ ಮೂಸುತ್ತಿರುತ್ತಾನೆ. ದೇವಸ್ಥಾನದ ಹಿಂದೆ ಒಂದು ಖೋಲಿ ಖಾಲಿ ಇದೆ. ಅಲ್ಲೇ ಇಟ್ಟುಕೊಂಡು ಶಾಲೆಗೆ ಕಳಿಸೋಣ ಅಂತ ನಮ್ಮ ಭಜನಾ ಮಂಡಳಿಯವರ ಆಸೆ. ಸುಮ್ನೆ ಕೂರುವ ಬದಲು ಚಪ್ಪಲಿ ಕಾಯಲಿ ಎನ್ನುತ್ತಾರೆ ಹಿರಿಯರೊಬ್ಬರು. ಮಂಡಳಿಯಲ್ಲಿ ಸ್ವಲ್ಪ ಹಣವೂ ಇದೆ. ಏನು ಮಾಡೋಣ?

ಉತ್ತರ: ಊಟ ಮುಂದುವರಿಸಿ. ಖೋಲಿಯ ಬೀಗ ಮಾತ್ರ ತೆಗೆಯಬೇಡಿ.

ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ದಿಕ್ಕಿಲ್ಲದಂತೆ ಕಾಣುವ ಮಗು ಕಣ್ಣಿಗೆ ಬಿದ್ದರೆ 24 ಗಂಟೆಯೊಳಗೆ ತಿಳಿಸಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಪೊಲೀಸರಿಗೋ, ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೋ, ಮಕ್ಕಳ ಸಹಾಯವಾಣಿ 1098ಕ್ಕೋ ಹೇಳಿದರೆ ಸಾಕು. ನೀವು ಈಗಾಗಲೇ ಎರಡು ತಿಂಗಳು ತಡ ಮಾಡಿದ್ದೀರಿ. ಇವತ್ತೇ 1098ಕ್ಕೆ ಫೋನ್ ಮಾಡಿ. ಸಮವಸ್ತ್ರದವರನ್ನು ಕಂಡರೆ ಹುಡುಗರು ಓಡುತ್ತಾರೆ, ಮಕ್ಕಳ ಜೊತೆ ಕೆಲಸ ಮಾಡುವವರನ್ನೇ ಕಳಿಸಿ ಎಂದು ಕೇಳಿಕೊಳ್ಳಿ. ಇನ್ನು ನೋಂದಣಿ ಇಲ್ಲದೆ ಇಂಥ ಮಕ್ಕಳಿಗೆ ವಸತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 1 ಲಕ್ಷ ದಂಡ, ಅಥವಾ ಎರಡೂ. ಮಠ, ಚರ್ಚು, ಮಸೀದಿ ಯಾವುದಕ್ಕೂ ರಿಯಾಯಿತಿ ಇಲ್ಲ. ಇರಬಾರದು ಕೂಡ. ಬಾಗಿಲು ಮುಚ್ಚಿದ ಖೋಲಿಯಲ್ಲಿ ಮಗುವಿಗೆ ಏನಾಗುತ್ತಿದೆ ಅಂತ ಹೊರಗಿನವರೊಬ್ಬರು ಬಂದು ನೋಡಲೇಬೇಕು, ಅಲ್ವಾ?

ಚಪ್ಪಲಿ ಕಾಯುವ ಮಾತನ್ನು ಅಲ್ಲಿಗೇ ಬಿಟ್ಟುಬಿಡಿ. 14 ವರ್ಷದೊಳಗಿನವರನ್ನು ದುಡಿಸುವಂತಿಲ್ಲ. ಪಗಾರದ ಬದಲು ಪ್ರಸಾದ ಕೊಟ್ಟರೂ ದುಡಿತ ದುಡಿತವೇ.

ಈಗ ಆ ಮೂಸುವುದರ ಬಗ್ಗೆ. ಅದು ಹೆಚ್ಚಾಗಿ ಪಂಕ್ಚರ್ ಸೊಲ್ಯೂಷನ್ ಅಥವಾ ವೈಟ್ನರ್. ಅವುಗಳಲ್ಲಿ ಟಾಲುಯೀನ್‌ನಂಥ ರಾಸಾಯನಿಕ ಇರುತ್ತದೆ. ಹಸಿವು, ಚಳಿ, ಹೆದರಿಕೆ ಎಲ್ಲ ಸ್ವಲ್ಪ ಹೊತ್ತು ಮರೆತುಹೋಗುತ್ತದೆ. ಮೂಸುತ್ತಿರುವಾಗ ಗದರಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಆ ಹೊತ್ತಿನಲ್ಲಿ ಗಾಬರಿಬಿದ್ದು ಓಡಿದರೆ ಹೃದಯ ಬಡಿತ ಏರುಪೇರಾಗಿ ಸಾವೂ ಸಂಭವಿಸಬಹುದು. ಹತ್ತಿರ ಕೂತು ಮಾತಾಡಿಸಿ. ಮೂಸುವ ಆ ಬಟ್ಟೆ ಚೂರು ಅವನ ಕೈಯಿಂದ ತಾನಾಗಿ ಕೆಳಗಿಳಿಯಲಿ. ಉಸಿರಾಟ ಸರಿಯಿಲ್ಲ, ಎಬ್ಬಿಸಿದರೂ ಏಳುತ್ತಿಲ್ಲ ಎಂದಾದರೆ 108.

ಕೈಗೆ ದುಡ್ಡು ಕೊಡಬೇಡಿ. ಈ ಹುಡುಗರಿಗೆ ಜೇಬು ಅನ್ನುವುದು ಇಲ್ಲವೇ ಇಲ್ಲ. ಸಂಜೆಯೊಳಗೆ ಖರ್ಚು ಮಾಡದಿದ್ದರೆ ರಾತ್ರಿ ದೊಡ್ಡ ಹುಡುಗರು ಹೊಡೆದು ಕಿತ್ತುಕೊಳ್ಳುತ್ತಾರೆ. ದುಂದುಗಾರರು ಅಂತ ಬೈಯುವವರಿಗೆ ಇದು ಗೊತ್ತಿರುವುದಿಲ್ಲ. ಹೊಟ್ಟೆಗೆ ಹೇಗೋ ಸಿಗುತ್ತದೆ. ಮದುವೆ ಮಂಟಪ, ದರ್ಗಾ, ರೈಲಿನ ಡಬ್ಬಿ, ನಿಮ್ಮ ದಾಸೋಹ. ಸಿಗದಿರುವುದು ಹೋದ ವಾರ ಮಾತಾಡಿಸಿದ ಅದೇ ಮುಖ ಈ ವಾರವೂ.

ಅದನ್ನು ಕೊಡಲು ನಿಮಗಾಗುತ್ತದೆ. ಬೆಂಗಳೂರಿನ ‘ಬೋಸ್ಕೊ’ ಹೆಸರು ಕೇಳಿರಬಹುದು. ಡಾನ್ ಬೋಸ್ಕೊ ಎಂಬ ಇಟಲಿಯ ಪಾದ್ರಿಯ ಹಾದಿ ಹಿಡಿದ ಸಲೇಶಿಯನ್ ಸಭೆಯ ಕೆಲಸ ಅದು, 1980ರಲ್ಲಿ ಶುರುವಾಯಿತು. ಹೆಸರು ಪರದೇಶದ್ದು ಅನಿಸುತ್ತದೆ. ಬಿಡಿಸಿದರೆ ‘ಬೆಂಗಳೂರು ಓಣಿಯವರ ಸೇವಾ ಕೂಟ’! ಓಣಿ ಅನ್ನುವುದು ನಿಮ್ಮೂರಿನವರ ಬಾಯಲ್ಲಿ ದಿನಾ ಆಡುವ ಮಾತು. ಮಗು ನಮ್ಮಲ್ಲಿಗೆ ಬರಲಿ ಅಂತ ಕಾಯದೆ, ಮಗು ಇರುವಲ್ಲಿಗೇ ಹೋಗಿ ಸ್ನೇಹ ಬೆಳೆಸುವುದು ಅವರ ರೀತಿ. ನಿಮ್ಮ ಹುಡುಗರಂತೂ ತಾವಾಗಿಯೇ ನಿಮ್ಮ ಪಂಕ್ತಿಗೆ ಬಂದು ಕೂತಿದ್ದಾರೆ. ಅರ್ಧ ಕೆಲಸ ಆದಂತೆಯೇ.

ಆದ್ದರಿಂದ ಮಂಡಳಿಯಲ್ಲಿ ಒಬ್ಬರೋ ಇಬ್ಬರೋ ಇದನ್ನು ವಹಿಸಿಕೊಳ್ಳಲಿ. ಮಕ್ಕಳ ಕಲ್ಯಾಣ ಸಮಿತಿಯವರು ಹುಡುಗರನ್ನು ಕರೆದುಕೊಂಡು ಹೋದ ಮೇಲೂ, ಅನುಮತಿ ಕೇಳಿ ಅವರನ್ನು ಇರಿಸುವ ಬಾಲಮಂದಿರಕ್ಕೆ ಹೋಗಿ ಬರಲಿ. ಮನೆ ಯಾಕೆ ಬಿಟ್ಟೆ ಅಂತ ಮೊದಲ ದಿನವೇ ಕೆದಕಬೇಡಿ. ಎಷ್ಟೋ ಸಲ ಉತ್ತರ ಅಪ್ಪನ ಬೆಲ್ಟಿನಲ್ಲಿರುತ್ತದೆ. ಯಾವ ಜಾತಿ, ಯಾವ ಧರ್ಮ ಅಂತಲೂ ಬೇಡ. ಭಜನೆಗೆ ಕೂತರೆ ಮಾತ್ರ ಊಟ ಎನ್ನುವ ಷರತ್ತು ಬೇಡವೇ ಬೇಡ. ದಾಸೋಹದ ಫೋಟೋದಲ್ಲಿ ಆ ಮುಖಗಳು ಬಾರದಿರಲಿ. ಇಂಥ ಮಕ್ಕಳ ಗುರುತು ಬಯಲು ಮಾಡಿದರೆ 2 ಲಕ್ಷದವರೆಗೆ ದಂಡ ಇದೆ, ಜೈಲೂ ಆಗಬಹುದು.

ಹಣದ ವಿಚಾರ. ಸಮಿತಿಯವರು ಮನೆ ಹುಡುಕಿ, ಅಲ್ಲಿ ಭಯವಿಲ್ಲ ಎಂದು ಗೊತ್ತಾದರೆ, ಹುಡುಗರು ಊರಿಗೆ ಮರಳಬಹುದು. ಬಡ ಮನೆಯಾದರೆ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವಕ್ಕೆ, ಅಂದರೆ ಮಗುವನ್ನು ಸಾಕಲು ನೆರವಿಗೆ, ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಕಾಗದಪತ್ರ ಓಡಾಡಿ ಮಂಜೂರಾಗುವವರೆಗೆ ಆ ಮನೆಯವರಿಗೆ ಅಕ್ಕಿ, ಬಾಡಿಗೆ, ಬಸ್ ಚಾರ್ಜಿಗೆ ಕಷ್ಟ. ಮಂಡಳಿಯ ಹಣವನ್ನು ಅದಕ್ಕಾಗಿ ಎತ್ತಿಡಿ. ಖೋಲಿಗೆ ಸುಣ್ಣ ಬಳಿಸಬೇಡಿ.