ಒಬ್ಬರೇ ರಿಪೇರಿ ಮಾಡುವವರಿಗೆ ಯಾವ ಆ್ಯಪ್ ಸರಿ?

ಪ್ರಶ್ನೆ: ಮನೆಮನೆಗೆ ಹೋಗಿ ವಾಷಿಂಗ್ ಮಷೀನ್, ಫ್ರಿಡ್ಜ್ ರಿಪೇರಿ ಮಾಡುತ್ತೇನೆ. ಸಹಾಯಕ್ಕೆ ಯಾರೂ ಇಲ್ಲ. ಗ್ರಾಹಕರ ನಂಬರ್ ಫೋನಿನಲ್ಲಿದೆ, ಲೆಕ್ಕ ಡೈರಿಯಲ್ಲಿದೆ, ಫೋಟೋಗಳು ವಾಟ್ಸಾಪ್‌ನಲ್ಲಿ ಎಲ್ಲೋ ಇವೆ. ಹಳೆಯವರು ಫೋನ್ ಮಾಡಿ 'ಹೋದ ಸಲ ಮಾಡಿದ್ರಲ್ಲ, ಅದೇ ಮತ್ತೆ ಕೆಟ್ಟಿದೆ' ಅಂದರೆ ಏನು ಮಾಡಿದ್ದೆ ಅಂತಲೇ ನೆನಪಾಗಲ್ಲ. ಸಿಆರ್‌ಎಂ, ಅಂದರೆ ಗ್ರಾಹಕರ ದಾಖಲೆ ಇಡುವ ಆ್ಯಪ್ ಹಾಕಿಕೊಳ್ಳೋಣ ಅಂತ ಹುಡುಕಿದರೆ ರಾಶಿ ಬರುತ್ತವೆ. ಯಾವುದನ್ನು ಆರಿಸಲಿ?

ಉತ್ತರ: ಹೆಸರು ನೋಡಿ ಆರಿಸಬೇಡಿ. ಮೊದಲು ಒಂದೇ ವಿಷಯ ನೋಡಿ: ಆ ಆ್ಯಪ್‌ನಲ್ಲಿ ಗ್ರಾಹಕರ ಹೆಸರಿನ ಕೆಳಗೆ ಅವರ ಪ್ರತಿ ಮಷೀನಿಗೂ ಬೇರೆ ಪುಟ ಇಡಬಹುದಾ? ಒಂದು ಮನೆಯಲ್ಲಿ ಎರಡು ಫ್ರಿಡ್ಜ್ ಇರಬಹುದು, ಬಾಡಿಗೆಯವರು ಬದಲಾದರೂ ವಾಷಿಂಗ್ ಮಷೀನ್ ಅಲ್ಲೇ ಉಳಿಯಬಹುದು. ಯಾವ ಮಾಡೆಲ್, ಯಾವ ಎರರ್ ಕೋಡ್ ಬಂದಿತ್ತು, ಯಾವ ಪಾರ್ಟ್ ಹಾಕಿದಿರಿ, ಅದಕ್ಕೆ ವಾರಂಟಿ ಎಲ್ಲಿಯವರೆಗೆ, ಇಷ್ಟು ಕಣ್ಣೆದುರು ಇದ್ದರೆ 'ಅದೇ ಮತ್ತೆ ಕೆಟ್ಟಿದೆ' ಅನ್ನುವ ಮಾತಿಗೆ ಫೋನಿನಲ್ಲೇ ಧೈರ್ಯವಾಗಿ ಉತ್ತರ ಕೊಡಬಹುದು. ಹೋದ ಸಲ ಡ್ರೈನ್ ಪಂಪ್ ಬದಲಿಸಿದ್ದು, ಈಗ ಕೆಟ್ಟಿರುವುದು ಡೋರ್ ಲಾಕ್ ಅಂತ ಗೊತ್ತಾದರೆ ಜಗಳವೇ ಇರಲ್ಲ.

ಸಿಆರ್‌ಎಂ ಅಂತ ಹುಡುಕಿದಾಗ ಮೊದಲು ಬರುವ ಹಬ್‌ಸ್ಪಾಟ್, ಜೋಹೋ ಸಿಆರ್‌ಎಂ ತರಹದವು ಒಳ್ಳೆಯವೇ, ಆದರೆ ಅವು ಮೂಲತಃ ಮಾರಾಟದವರಿಗೆ. ಲೀಡ್ (ಗ್ರಾಹಕರಾಗಬಹುದಾದವರು), ಡೀಲ್ (ನಡೆಯುತ್ತಿರುವ ವ್ಯಾಪಾರ) ಅಂತ ಕೇಳುತ್ತಾ ಹೋಗುತ್ತವೆ. 'ಫೀಲ್ಡ್ ಸರ್ವಿಸ್', ಅಂದರೆ ಗ್ರಾಹಕರ ಜಾಗಕ್ಕೇ ಹೋಗಿ ಕೆಲಸ ಮಾಡುವವರ ಆ್ಯಪ್, ಅಂತ ಹುಡುಕಿ. ಜಾಬರ್, ಹೌಸ್‌ಕಾಲ್ ಪ್ರೋ ಈ ಜಾತಿಯವು. ಕೆಲಸದ ದಿನ, ಬಿಲ್ಲು, ಫೋಟೋ ಎಲ್ಲ ಒಂದೇ ಕಡೆ ಸಿಗುತ್ತದೆ. ಕೆಲವು ಕಂಪನಿಗಳು ಬಳಸುವವರ ಸಂಖ್ಯೆಗೆ ದುಡ್ಡು ತೆಗೆದುಕೊಳ್ಳುತ್ತವೆ, ಕೆಲವು ತಿಂಗಳಿಗೆ ಎಷ್ಟು ಕೆಲಸ ಅನ್ನುವುದರ ಮೇಲೆ. ಒಬ್ಬರೇ ಇದ್ದು ಕೆಲಸ ಜಾಸ್ತಿ ಇದ್ದರೆ ಮೊದಲನೆಯದೇ ಸಾಮಾನ್ಯವಾಗಿ ಲಾಭ. ತಂಡ ಸಂಭಾಳಿಸುವ ಸೌಲಭ್ಯಗಳಿಗೆ ಸುಮ್ನೆ ದುಡ್ಡು ಕೊಡಬೇಡಿ.

ಟ್ರಯಲ್ ಅವಧಿಯಲ್ಲಿ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಈಗ ಹಳೆಯ ಕೆಲಸವೊಂದನ್ನು ತೆರೆಯಿರಿ, ಹೊಸದೊಂದು ಬರೆಯಿರಿ, ಫೋಟೋ ಸೇರಿಸಿ, ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗಲ್ಲ ಅಲ್ವಾ, ಅಲ್ಲಿ ಬರೆದದ್ದು ಹಾರಿಹೋದರೆ ಆ ಆ್ಯಪ್ ನಿಮಗಲ್ಲ. ಕೆಲವು ಆ್ಯಪ್‌ಗಳು ನೆಟ್ ಇಲ್ಲದಾಗ ಪಟ್ಟಿ ಮಾತ್ರ ತೋರಿಸುತ್ತವೆ, ಹೊಸದೇನನ್ನೂ ಉಳಿಸಿಕೊಳ್ಳುವುದಿಲ್ಲ.

ಆಮೇಲೆ ನಿಮ್ಮ ದಾಖಲೆಗಳನ್ನು ಆ್ಯಪ್‌ನಿಂದ ಹೊರಗೆ ತೆಗೆದು ನೋಡಿ. ಸಿಎಸ್‌ವಿ ಫೈಲ್ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸರಳ ಪಟ್ಟಿ) ಕೊಡುವುದು ಸಾಮಾನ್ಯ, ಆದರೆ ಅದರಲ್ಲಿ ಬರೀ ಅಕ್ಷರ ಇರುತ್ತದೆ. ಫೋಟೋಗಳನ್ನು ಬೇರೆಯಾಗಿ ಇಳಿಸಿಕೊಳ್ಳಲು ದಾರಿ ಇದೆಯಾ ಅಂತ ಕೇಳಿ. ಇನ್ನೊಂದು, ಸೀರಿಯಲ್ ನಂಬರ್ ಬರೀ ಅಂಕಿಗಳಾಗಿದ್ದು 15ಕ್ಕಿಂತ ಉದ್ದವಿದ್ದರೆ ಎಕ್ಸೆಲ್ ಅದನ್ನು ಸಂಖ್ಯೆ ಅಂತ ತಿಳಿದು ಕೊನೆಯ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಆರಿಸಿ ಇಂಪೋರ್ಟ್ ಮಾಡಿ. ಮಷೀನಿನ ಸ್ಟಿಕ್ಕರ್‌ನ ಫೋಟೋ ಇದ್ದರೆ ಇನ್ನೂ ವಾಸಿ. ಫ್ರಂಟ್ ಲೋಡ್ ಮಷೀನಿನಲ್ಲಿ ಅದು ಹೆಚ್ಚಾಗಿ ಬಾಗಿಲಿನ ಚೌಕಟ್ಟಿನಲ್ಲಿ, ಫ್ರಿಡ್ಜ್‌ನಲ್ಲಿ ಒಳಗಿನ ಗೋಡೆಯ ಮೇಲೆ ಇರುತ್ತದೆ. ಕೈಯೆಲ್ಲ ಗ್ರೀಸ್ ಆಗಿರುವಾಗ ಟೈಪ್ ಮಾಡುವ ಕಷ್ಟವೂ ತಪ್ಪುತ್ತದೆ.

ಕೆಲಸ ಇನ್ನೂ ಕಡಿಮೆ ಇದ್ದರೆ ದುಡ್ಡು ಕೊಡುವ ಮೊದಲು ವಾಟ್ಸಾಪ್ ಬಿಸಿನೆಸ್ ನೋಡಿ. 2018ರಲ್ಲಿ ಬಂದ ಈ ಆ್ಯಪ್ ಉಚಿತ. ಚಾಟ್‌ಗಳಿಗೆ 'ಹೊಸ ಗ್ರಾಹಕ', 'ಹಣ ಬಾಕಿ' ಅಂತ ಲೇಬಲ್ ಹಚ್ಚಬಹುದು. ಜೊತೆಗೆ ಗೂಗಲ್ ಶೀಟ್ಸ್‌ನಲ್ಲಿ ಮಷೀನಿಗೊಂದು ಸಾಲು ಇಟ್ಟರೆ ಆರಂಭಕ್ಕೆ ಸಾಕು. ಆ ಫೈಲನ್ನು ಆಫ್‌ಲೈನ್‌ನಲ್ಲೂ ಸಿಗುವಂತೆ ಮೊದಲೇ ಗುರುತು ಮಾಡಿಟ್ಟುಕೊಳ್ಳಿ.

ಗೇಟಿನ ಕೋಡ್, ಬೀಗದ ಪಿನ್ ಮಾತ್ರ ಎಲ್ಲೂ ಬರೆದಿಡಬೇಡಿ. ಜನ ನಿಮ್ಮನ್ನು ನಂಬಿ ಮನೆಯೊಳಗೆ ಬಿಡುತ್ತಾರೆ. ನಿಮ್ಮ ಫೋನಿಗೂ ಲಾಕ್ ಇರಲಿ.

ಹಳೆಯ ಡೈರಿಯನ್ನೆಲ್ಲ ಕೂತು ಏರಿಸುವ ಗೋಜಿಗೆ ಹೋಗಬೇಡಿ, ಅರ್ಧಕ್ಕೇ ಬೇಸರ ಬರುತ್ತದೆ. ವಾರಂಟಿ ಇನ್ನೂ ಇರುವ ಕೆಲಸಗಳು ಮತ್ತು ದುಡ್ಡು ಬಾಕಿ ಇರುವವರನ್ನು ಮೊದಲು ಹಾಕಿ. ಉಳಿದವರನ್ನು ಅವರು ಮತ್ತೆ ಫೋನ್ ಮಾಡಿದಾಗ ಸೇರಿಸಿದರಾಯಿತು.