ಲಸಿಕೆ ಹಾಕಿಸಿದರೂ ಅವ್ವನಿಗೆ ಜ್ವರ ಬಂತು, ಮತ್ತೆ ಏಕೆ ಹಾಕಿಸಬೇಕು?

ಪ್ರಶ್ನೆ: ಅವ್ವನಿಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ಕಳೆದ ವರ್ಷ ಕಲಬುರಗಿಗೆ ಕರೆದೊಯ್ದು ಫ್ಲೂ ಲಸಿಕೆ ಹಾಕಿಸಿದೆವು. ಆದರೂ ಸೆಪ್ಟೆಂಬರ್‌ನಲ್ಲಿ ನಾಲ್ಕು ದಿನ ಜ್ವರದಿಂದ ಮಲಗಿದರು. ದುಡ್ಡು ನೀರುಪಾಲಾಯಿತು ಎಂದು ಅಣ್ಣ ಹೇಳುತ್ತಾನೆ. ಈ ವರ್ಷ ಮತ್ತೆ ಹಾಕಿಸಬೇಕೇ?
– ಆಳಂದ ತಾಲ್ಲೂಕಿನ ಓದುಗರು

ಉತ್ತರ: ಹಾಕಿಸಿ. ನಿಮ್ಮ ಅಣ್ಣನವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಅವರ ಲೆಕ್ಕವನ್ನು ಒಪ್ಪಲಾರೆ.

ಮೊದಲಿಗೆ, ಅದು ಫ್ಲೂ ಜ್ವರವೇ ಆಗಿತ್ತೇ? ಗಂಟಲಿನ ದ್ರವ ಪರೀಕ್ಷೆ ಮಾಡಿಸದೆ ಹೇಳುವುದು ಕಷ್ಟ. ಮಳೆಗಾಲದಲ್ಲಿ ನಮ್ಮ ಭಾಗದಲ್ಲಿ ಡೆಂಗಿ, ಕೋವಿಡ್, ಬೇರೆ ಬೇರೆ ನೆಗಡಿ ವೈರಾಣುಗಳು ಎಲ್ಲವೂ ಓಡಾಡುತ್ತಿರುತ್ತವೆ. ಈ ಲಸಿಕೆ ತಡೆಯುವುದು ಫ್ಲೂ ತರುವ ಇನ್‌ಫ್ಲುಯೆಂಜಾ ವೈರಾಣುವನ್ನು ಮಾತ್ರ.

ಫ್ಲೂ ಆಗಿದ್ದರೂ ಆಶ್ಚರ್ಯವಿಲ್ಲ. ವಯಸ್ಸಾದಂತೆ ದೇಹದ ರೋಗನಿರೋಧಕ ವ್ಯವಸ್ಥೆ ಮಂದವಾಗುತ್ತದೆ. ಅದೇ ಲಸಿಕೆಗೆ ಮೂವತ್ತರ ಮಗನ ದೇಹ ತೋರಿಸುವ ಚುರುಕನ್ನು ಎಪ್ಪತ್ತರ ತಾಯಿಯ ದೇಹ ತೋರಿಸದು. ಹಿರಿಯರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಲಸಿಕೆ ಪಡೆಯದ 100 ಹಿರಿಯರಲ್ಲಿ ಒಂದು ಋತುವಿನಲ್ಲಿ ಸುಮಾರು 6 ಮಂದಿಗೆ ಫ್ಲೂ ಬಂದರೆ, ಪಡೆದವರಲ್ಲಿ 2ರಿಂದ 3 ಮಂದಿಗೆ ಬಂತು. ಅಪಾಯ ಅರ್ಧಕ್ಕಿಂತ ಕಡಿಮೆಯಾಯಿತು, ಇಲ್ಲವಾಗಲಿಲ್ಲ. ಫ್ಲೂ ವೈರಾಣುವಿನಲ್ಲಿ ಹಿರಿಯರನ್ನು ಹೆಚ್ಚು ಕಾಡುವ ಎಚ್3ಎನ್2 ಎಂಬ ತಳಿ ಬೇಗ ಬೇಗ ರೂಪ ಬದಲಿಸುವುದರಿಂದ ಕೆಲವು ವರ್ಷ ರಕ್ಷಣೆ ಇನ್ನೂ ಕುಗ್ಗುತ್ತದೆ.

ಆದರೆ ಹಿರಿಯರ ವಿಷಯದಲ್ಲಿ ನಾನು ಹೆದರುವುದು ಜ್ವರಕ್ಕಲ್ಲ, ಅದರ ಬೆನ್ನಿಗೆ ಬರುವ ನ್ಯುಮೋನಿಯಾಗೆ, ಹತೋಟಿ ತಪ್ಪುವ ಸಕ್ಕರೆಗೆ, ಹೃದಯಾಘಾತಕ್ಕೆ. ಫ್ಲೂ ದೃಢಪಟ್ಟ ಮೊದಲ ವಾರದಲ್ಲಿ ಹೃದಯಾಘಾತದ ಸಂಭವ ಸುಮಾರು ಆರು ಪಟ್ಟು ಹೆಚ್ಚಿರುತ್ತದೆ ಎಂದು ಕೆನಡಾದ ಅಧ್ಯಯನವೊಂದು 2018ರಲ್ಲಿ ತೋರಿಸಿತು. ಲಸಿಕೆ ಪಡೆದ ಹಿರಿಯರಲ್ಲಿ ಫ್ಲೂನಿಂದ ಆಸ್ಪತ್ರೆ ಸೇರುವ ಸಂಭವ, ವರ್ಷದಿಂದ ವರ್ಷಕ್ಕೆ ಏರಿಳಿತವಿದ್ದರೂ, ಸರಾಸರಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಇಳಿಯುತ್ತದೆ. ನಿಮ್ಮ ಅವ್ವ ಮನೆಯಲ್ಲೇ ಮಲಗಿ ನಾಲ್ಕು ದಿನಕ್ಕೆ ಎದ್ದದ್ದು ಲಸಿಕೆಯಿಂದಲೇ ಎಂದು ನಾನು ಹೇಳಲಾರೆ. ಒಬ್ಬರ ವಿಷಯದಲ್ಲಿ ಅದನ್ನು ಸಾಬೀತು ಮಾಡಲು ಬರುವುದಿಲ್ಲ. ಲಸಿಕೆ ವ್ಯರ್ಥವಾಯಿತು ಎಂಬ ಮಾತಿಗೂ ಅದೇ ಅನ್ವಯಿಸುತ್ತದೆ.

ಕಳೆದ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲದು. ಕೆಲವು ತಿಂಗಳಲ್ಲೇ ಅದರ ಬಲ ಇಳಿಯುತ್ತದೆ. ಸಾಲದ್ದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯಲ್ಲಿ ಇರಬೇಕಾದ ತಳಿಗಳನ್ನು ವರ್ಷಕ್ಕೆ ಎರಡು ಬಾರಿ ಪರಿಷ್ಕರಿಸುತ್ತದೆ. ನಮ್ಮಲ್ಲಿ ಫ್ಲೂ ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ಏರುತ್ತದೆ. ರಕ್ಷಣೆ ಮೂಡಲು ಎರಡು ವಾರ ಬೇಕು. ಆದ್ದರಿಂದ ಮೃಗಶಿರಾ ಮಳೆ ಕೂಡುವ ಮೊದಲು, ಮೇ ತಿಂಗಳಲ್ಲೇ ಹಾಕಿಸಿ, ಹೊಸ ತಳಿಗಳ ಲಸಿಕೆಯನ್ನೇ ಕೇಳಿ. ಹಿರಿಯರಿಗೆಂದೇ ಹೆಚ್ಚು ಪ್ರಮಾಣದ ಲಸಿಕೆ ಹೊರದೇಶಗಳಲ್ಲಿದೆ, ಅದು ಇನ್ನಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದಕ್ಕಾಗಿ ಕಾಯುತ್ತ ಕೂರಬೇಡಿ. ಚುಚ್ಚುಮದ್ದಿನಲ್ಲಿರುವುದು ನಿರ್ಜೀವ ವೈರಾಣು. ಒಂದೆರಡು ದಿನ ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು, ಅದರಿಂದಲೇ ಫ್ಲೂ ಬರುವುದಿಲ್ಲ.

ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದು ಸೇರಿಲ್ಲ. ಕೂಲಿ ಮಾಡಿ ಬದುಕುವ ಮನೆಗಳ ಹಿರಿಯರಿಗೆ ಇದು ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ನಿಮಗೆ ಸಾಧ್ಯವಿದ್ದರೆ ಅವ್ವನ ಜೊತೆಗೆ ಅಣ್ಣನವರೂ ಹಾಕಿಸಿಕೊಳ್ಳಲಿ, ಶಾಲೆಗೆ ಹೋಗುವ ಮಕ್ಕಳಿಗೂ ಹಾಕಿಸಿ. ಮನೆಯೊಳಗೆ ಫ್ಲೂ ಬರುವುದು ಹೆಚ್ಚಾಗಿ ಇವರಿಂದಲೇ.

ಇನ್ನೊಂದು ಮಾತು: ಹಿರಿಯರಿಗೆ ಫ್ಲೂ ಬಂದಾಗ ಮೈ ಸುಡಲೇಬೇಕೆಂದಿಲ್ಲ. ಊಟ ಬಿಡುವುದು, ಮಂಕಾಗುವುದು, ಏದುಸಿರು ಬಿಡುವುದು ಕಂಡರೆ ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಫ್ಲೂ ವೈರಾಣುವನ್ನು ಹತ್ತಿಕ್ಕುವ ಒಸೆಲ್ಟಾಮಿವಿರ್ ಮಾತ್ರೆ, ಲಕ್ಷಣ ಕಾಣಿಸಿದ 48 ಗಂಟೆಗಳೊಳಗೆ ಶುರುವಾದರೆ ಹೆಚ್ಚು ಪರಿಣಾಮಕಾರಿ.