ದೇವರ ಹತ್ತಿರ ನೇರವಾಗಿ ಹೇಳಿಕೊಂಡರೆ ಸಾಲದೇ? — ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕ್ಯಾಥೊಲಿಕರಾದ ನಮ್ಮ ಸಂಸ್ಕಾರಗಳ ಬಗ್ಗೆಯೇ ಇವೆ. ದೀಕ್ಷಾಸ್ನಾನದಿಂದ (ಬ್ಯಾಪ್ಟಿಸಂ) ಹಿಡಿದು ಮಣ್ಣು ಮಾಡುವ ತನಕ. ಬರೆದವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನವರು, ನಂಬಿಕೆಯನ್ನು ಬಿಡಲು ಮನಸ್ಸಿಲ್ಲದೆ, ಆದರೆ ಸುಮ್ನೆ ತಲೆ ಆಡಿಸಲೂ ಆಗದೆ ಕೇಳುತ್ತಿರುವವರು. ಪತ್ರಗಳನ್ನು ಓದುತ್ತಾ ಹೋದಂತೆ ನನಗೆ ಒಂದು ವಿಷಯ ಎದ್ದು ಕಂಡಿತು. ನಮ್ಮಲ್ಲಿ ಎಷ್ಟೋ ಜನರನ್ನು ಕಾಡುತ್ತಿರುವ ನಿಯಮ ಧರ್ಮಸಭೆಯದೇ, ಅಂದರೆ ಕ್ಯಾಥೊಲಿಕ್ ಚರ್ಚಿನದೇ, ಅಲ್ಲ. ಮನೆಯಲ್ಲಿ ಅಜ್ಜಿ ಕಾಲದಿಂದ ಕಿವಿಗೆ ಬಿದ್ದಿರುವ ಅರ್ಧಂಬರ್ಧ ನಿಯಮ ಅದು.

ಪ್ರಶ್ನೆ: ಅಕ್ಕಾ, ಫಾದರ್ ಹತ್ತಿರ ಪಾಪನಿವೇದನೆ ಮಾಡಲು ಹೋಗುವುದನ್ನು ಬಿಟ್ಟು ಕೆಲವು ವರ್ಷ ಆಯಿತು. ಹಬ್ಬದ ಹಿಂದಿನ ದಿನ ಸಾಲಿನಲ್ಲಿ ನಿಂತು, ಚಿಕ್ಕವಳಿದ್ದಾಗ ಕಲಿತ ಅದೇ ಪಟ್ಟಿ ಒಪ್ಪಿಸಿ, ಪ್ರಾಯಶ್ಚಿತ್ತ ಅಂತ ಮೂರು ನಮೋ ಮರಿಯಾ ಪ್ರಾರ್ಥನೆ ಹೇಳಿ ಬರುವುದು ನನಗೆ ಸುಳ್ಳು ಅನಿಸುತ್ತದೆ. ದೇವರ ಹತ್ತಿರ ನೇರವಾಗಿ ಹೇಳಿಕೊಂಡರೆ ಸಾಲದೇ?
— ಓದುಗಿ, ಬನ್ನಿಮಂಟಪ, ಮೈಸೂರು

ಉತ್ತರ: ಹೇಳಿಕೊಳ್ಳಿ ತಂಗಿ, ದಿನಾ ಹೇಳಿಕೊಳ್ಳಿ. ಸಣ್ಣಪುಟ್ಟ ತಪ್ಪುಗಳಿಗೆ ಮನಸಾರೆ ಪಶ್ಚಾತ್ತಾಪ ಪಟ್ಟರೆ, ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಶ್ರದ್ಧೆಯಿಂದ ಪಾಲ್ಗೊಂಡರೆ ಕ್ಷಮೆ ಸಿಗುತ್ತದೆ ಅಂತ ಧರ್ಮಸಭೆಯೇ ಕಲಿಸುತ್ತದೆ. ಗಂಭೀರ ಪಾಪ ಮಾಡಿದ್ದರೆ ವರ್ಷಕ್ಕೆ ಒಮ್ಮೆಯಾದರೂ ಗುರುಗಳ ಮುಂದೆ ಹೇಳಬೇಕು. ಅಂಥ ಪಾಪ ಇದ್ದರೆ ಪರಮಪ್ರಸಾದ (ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಪಡೆಯುವ ಮುಂಚೆಯೂ ಹೇಳಬೇಕು. ಹಬ್ಬ ಬಂತು, ಏನಾದರೂ ಹುಡುಕಿ ಹೇಳು ಅಂತ ಯಾವ ನಿಯಮವೂ ಇಲ್ಲ.

ಈ ಸಂಸ್ಕಾರ ಮೊದಲಿಂದಲೂ ಹೀಗೇ ಇತ್ತು ಅಂತ ನಾವು ಅಂದುಕೊಂಡಿದ್ದೇವೆ. ಹಾಗಿಲ್ಲ. ಮೊದಲ ಶತಮಾನಗಳಲ್ಲಿ ಕೊಲೆ, ವ್ಯಭಿಚಾರ, ಧರ್ಮತ್ಯಾಗದಂಥ ದೊಡ್ಡ ಪಾಪಗಳಿಗೆ ಎಲ್ಲರಿಗೂ ಗೊತ್ತಾಗುವಂತೆ ಪ್ರಾಯಶ್ಚಿತ್ತ ಮಾಡಬೇಕಿತ್ತು, ಅದೂ ಜೀವನದಲ್ಲಿ ಒಂದೇ ಒಂದು ಸಲ. ಎಷ್ಟೋ ಜನ ಸಾಯುವ ಕಾಲದ ತನಕ ಅದನ್ನು ಮುಂದೂಡುತ್ತಿದ್ದರು. ಒಬ್ಬರ ಹತ್ತಿರ ಗುಟ್ಟಾಗಿ, ಬೇಕಾದಾಗಲೆಲ್ಲ ಹೇಳಿಕೊಳ್ಳುವ ಪದ್ಧತಿಯನ್ನು 6-7ನೇ ಶತಮಾನದ ಹೊತ್ತಿಗೆ ಐರ್ಲೆಂಡಿನ ಸನ್ಯಾಸಿಗಳು ಯುರೋಪಿನಲ್ಲಿ ಹರಡಿದರು. ವರ್ಷಕ್ಕೊಮ್ಮೆ ಅನ್ನುವ ಕಟ್ಟಳೆ ಬಂದದ್ದು 1215ರಲ್ಲಿ ರೋಮಿನಲ್ಲಿ ಸೇರಿದ ಧರ್ಮಾಧ್ಯಕ್ಷರ (ಬಿಷಪ್ಪರ) ಲ್ಯಾಟರನ್ ಮಹಾಸಭೆಯಲ್ಲಿ. ಗುರುಗಳು ಒಳಗೆ ಕೂತು ಕೇಳುವ, ಜಾಲರಿ ಇರುವ ಆ ಮರದ ಗೂಡು ಇನ್ನೂ ತಡವಾಗಿ, 16ನೇ ಶತಮಾನದಲ್ಲಿ ಬಂತು, ಮಿಲಾನಿನ ಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೋಮಿಯೊ ಅವರ ಕಾಲದಲ್ಲಿ. ಕಾಲಕಾಲಕ್ಕೆ ರೂಪ ಬದಲಾಗಿದೆ. ಹಾಗಾಗಿ ನೀವು ಈ ರೂಪದ ಬಗ್ಗೆ ಪ್ರಶ್ನೆ ಕೇಳಿದರೆ ಅದು ನಂಬಿಕೆಗೆ ದ್ರೋಹ ಆಗುವುದಿಲ್ಲ.

ಹಾಗಾದರೆ ಮನುಷ್ಯನ ಮುಂದೆ ಯಾಕೆ ಹೇಳಬೇಕು? ತಪ್ಪು ಬರೀ ನನ್ನ ಮತ್ತು ದೇವರ ನಡುವಿನದಾಗಿದ್ದರೆ ಬೇಕಾಗಿರಲಿಲ್ಲ. ಆದರೆ ತಂಗಿಗೆ ಸೇರಬೇಕಾದ ಗದ್ದೆಯನ್ನು ಒಳಗೊಳಗೇ ತನ್ನ ಹೆಸರಿಗೆ ಬರೆಸಿಕೊಂಡವನು, ಆಫೀಸಿನಲ್ಲಿ ಇನ್ನೊಬ್ಬಳ ಮೇಲೆ ಚಾಡಿ ಹೇಳಿ ಅವಳ ಕೆಲಸ ಕಳೆದವಳು, ಇವರೆಲ್ಲ ಮನುಷ್ಯರನ್ನೇ ನೋಯಿಸಿದ್ದಾರೆ. ಇದನ್ನು ಮನಸ್ಸಿನಲ್ಲೇ ದೇವರಿಗೆ ಹೇಳಿ ಮುಗಿಸುವುದು ಸುಲಭ, ತುಂಬಾ ಸುಲಭ. ನಾವೇ ನಮ್ಮನ್ನು ಕ್ಷಮಿಸಿಕೊಳ್ಳಲು ಹೊರಟರೆ ಒಂದೋ ಎರಡು ನಿಮಿಷದಲ್ಲಿ ಬಿಟ್ಟುಬಿಡುತ್ತೇವೆ, ಇಲ್ಲವೇ ಹತ್ತು ವರ್ಷ ಕೊರಗುತ್ತೇವೆ. ಬಾಯಿಬಿಟ್ಟು ಹೇಳಿದಾಗ ತಪ್ಪಿಗೆ ಒಂದು ಅಳತೆ ಸಿಗುತ್ತದೆ. "ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ" ಅನ್ನುವ ಮಾತು ಇನ್ನೊಬ್ಬರ ಬಾಯಿಂದ ನಮ್ಮ ಕಿವಿಗೆ ಬಿದ್ದಾಗ ಆಗುವ ಹಗುರವೇ ಬೇರೆ. ಈ ಮಾತನ್ನು ನಾನು ಪುಸ್ತಕ ನೋಡಿ ಬರೆಯುತ್ತಿಲ್ಲ.

ಈಗ ಏನು ಮಾಡುವುದು? ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರದ ನೂಕುನುಗ್ಗಲಿನಲ್ಲಿ ಹೋಗಬೇಡಿ. ಗುರುಗಳಿಗೆ ಫೋನ್ ಮಾಡಿ, "ಅರ್ಧ ಗಂಟೆ ಬೇಕು" ಅಂತ ಕೇಳಿ, ಒಂದು ಸಾಮಾನ್ಯ ದಿನ ಹೋಗಿ. 1973ರಲ್ಲಿ ಬಂದ ಹೊಸ ವಿಧಿಯಲ್ಲಿ ಎದುರುಬದುರು ಕೂತು ಮಾತಾಡಲು ಅವಕಾಶ ಇದೆ, ಮೊದಲು ಬೈಬಲಿನ ಒಂದು ಭಾಗ ಓದಿಕೊಳ್ಳಲೂ ಇದೆ. ಜಾಲರಿ ಹಿಂದೆ ಕೂರುವುದೇ ನೆಮ್ಮದಿ ಅನಿಸಿದರೆ ಅದನ್ನೂ ಕೇಳಬಹುದು. ಹಳೆಯ ಪಟ್ಟಿ ಬಿಡಿ. ನಿಜವಾಗಿ ನಿದ್ದೆಗೆಡಿಸುತ್ತಿರುವ ಸಂಗತಿಯಿಂದ ಶುರುಮಾಡಿ. "ಹೇಗೆ ಹೇಳಬೇಕು ಗೊತ್ತಾಗುತ್ತಿಲ್ಲ ಫಾದರ್" ಅಂದರೂ ಸಾಕು, ಅವರು ದಾರಿ ಮಾಡಿಕೊಡಬೇಕು.

ಹೆಣ್ಣುಮಕ್ಕಳು ನನಗೆ ಬೇರೆಯಾಗಿ ಬರೆದು ಕೇಳುವ ಒಂದು ವಿಷಯ ಇದೆ, ಇಲ್ಲೇ ಹೇಳಿಬಿಡುತ್ತೇನೆ. ಗುರುಗಳು ಕೆದಕಿ ಕೆದಕಿ ಕೇಳುವಂತಿಲ್ಲ. ಪ್ರಶ್ನೆ ಕೇಳುವಾಗ ವಿವೇಕದಿಂದ, ಎದುರಿಗಿರುವವರ ವಯಸ್ಸು ಪರಿಸ್ಥಿತಿ ನೋಡಿಕೊಂಡು ಕೇಳಬೇಕು, ಪಾಪದಲ್ಲಿ ಜೊತೆಗಿದ್ದವರ ಹೆಸರನ್ನು ಕೇಳಲೇಬಾರದು ಅಂತ ಧರ್ಮಸಭೆಯ ಕಾನೂನಿನ 979ನೇ ವಿಧಿ ಹೇಳುತ್ತದೆ. ಮುಜುಗರ ಆಗುವ ಪ್ರಶ್ನೆ ಬಂದರೆ ಉತ್ತರ ಕೊಡದೆ ಎದ್ದು ಬನ್ನಿ, ಬೇರೆ ಗುರುಗಳ ಹತ್ತಿರ ಹೋಗಿ. ಹೇಳಿದ್ದು ಹೊರಗೆ ಬರುತ್ತದೆ ಅನ್ನುವ ಭಯವೂ ಬೇಡ. ಆ ಗುಟ್ಟನ್ನು ಬೇಕೆಂದೇ ನೇರವಾಗಿ ಬಿಟ್ಟುಕೊಟ್ಟ ಗುರುವಿಗೆ ಬಹಿಷ್ಕಾರವೇ ಶಿಕ್ಷೆ.

ಪ್ರಾಯಶ್ಚಿತ್ತದ ಬಗ್ಗೆ ನಿಮ್ಮ ದೂರು ಸರಿಯಾಗಿಯೇ ಇದೆ. ಅತ್ತೆ ಜೊತೆ ಮಾತು ಬಿಟ್ಟವಳಿಗೆ ಮೂರು ನಮೋ ಮರಿಯಾ ಕೊಟ್ಟರೆ ಏನಾಗುತ್ತದೆ? ಅವರ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಾ ಅಂದರೆ ಅದು ಪ್ರಾಯಶ್ಚಿತ್ತ. ಇಂಥದ್ದನ್ನು ಕೊಡಿ ಅಂತ ನೀವೇ ಕೇಳಬಹುದು. ನಮ್ಮ ಧರ್ಮಕೇಂದ್ರಗಳಿಗೂ ಒಂದು ಮಾತು. ಬಲಿಪೂಜೆ ನಡೆಯುತ್ತಿರುವಾಗಲೇ ಹಿಂದೆ ಸಾಲು ನಿಲ್ಲಿಸಿ ತಲೆಗೆ ಒಂದು ನಿಮಿಷದಂತೆ ಮುಗಿಸುವ ಬದಲು, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಒಂದು ಸಂಜೆ ಎಲ್ಲರೂ ಸೇರಿ ಬೈಬಲ್ ವಾಚನ ಕೇಳಿ, ಮೌನವಾಗಿ ಕೂತು, ಆಮೇಲೆ ಒಬ್ಬೊಬ್ಬರಾಗಿ ಹೋಗುವ ವಿಧಿ ಅದೇ 1973ರ ಪುಸ್ತಕದಲ್ಲಿದೆ. ಅದನ್ನು ಮಾಡಿ. ಜನ ಬರುತ್ತಾರೆ.

ಪ್ರಶ್ನೆ: ಅಪ್ಪನಿಗೆ ಮುಂದಿನ ತಿಂಗಳು ಹೃದಯದ ಆಪರೇಷನ್. ಮುಂಚೆ ಗುರುಗಳಿಂದ ಎಣ್ಣೆ ಹಚ್ಚಿಸುವ ಅಭ್ಯಂಗ ಸಂಸ್ಕಾರ ಕೊಡಿಸೋಣ ಅಂದರೆ ಅಮ್ಮ "ಅವರು ಉಳಿಯಲ್ಲ ಅಂತಾನಾ?" ಅಂತ ಅಳುತ್ತಾರೆ. ಏನು ಹೇಳಲಿ?
— ಓದುಗ, ಪಾಲಹಳ್ಳಿ, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ಅಮ್ಮನ ಭಯಕ್ಕೆ ಕಾರಣ ಇದೆ ತಮ್ಮ. ಅವರು ಚಿಕ್ಕವರಿದ್ದಾಗ ಗುರುಗಳು ಎಣ್ಣೆ ಹಿಡಿದು ಮನೆಗೆ ಬಂದರು ಅಂದರೆ ಇನ್ನು ಮುಗಿಯಿತು ಅಂತಲೇ ಅರ್ಥ. ನೂರಾರು ವರ್ಷ ಹಾಗೇ ನಡೆದುಬಂದಿತ್ತು. 1972ರಲ್ಲಿ ಪೋಪ್ ಆರನೇ ಪೌಲ್ ಇದನ್ನು ಸರಿಪಡಿಸಿದರು. ಈಗ ಇದು ರೋಗಿಗಳ ಸಂಸ್ಕಾರ. ದೊಡ್ಡ ಆಪರೇಷನ್ನಿಗೆ ಮುಂಚೆ, ವಯಸ್ಸಾಗಿ ಶಕ್ತಿ ಕುಂದಿದಾಗ, ಕಾಯಿಲೆ ಜೋರಾದಾಗ ಪಡೆಯಬಹುದು. ವಾಸಿಯಾಗಿ ಮತ್ತೆ ಕಾಯಿಲೆ ಬಿದ್ದರೆ ಮತ್ತೆ ಪಡೆಯಬಹುದು. ಸಾಯುವವರಿಗೆ ಅಂತ ಇರುವ ಕೊನೆಯ ಸಂಸ್ಕಾರ ನಿಜವಾಗಿ ಪರಮಪ್ರಸಾದ, ಅಭ್ಯಂಗ ಅಲ್ಲ.

ಅಮ್ಮನಿಗೆ ಯಕೋಬನ ಪತ್ರದ 5ನೇ ಅಧ್ಯಾಯ ಓದಿ ಹೇಳಿ. ನಿಮ್ಮಲ್ಲಿ ಯಾರಾದರೂ ಅಸ್ವಸ್ಥರಾಗಿದ್ದರೆ ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತ ಅಲ್ಲಿದೆ. ಕರೆಸುವುದು ಏಳಿಸುವುದಕ್ಕೆ. ಆಸ್ಪತ್ರೆಗೆ ಸೇರಿದ ಮೇಲೆ ಐಸಿಯು ಬಾಗಿಲಲ್ಲಿ ಗಡಿಬಿಡಿ ಮಾಡಿಕೊಳ್ಳಬೇಡಿ, ಅದಕ್ಕೆ ಮುಂಚಿನ ಭಾನುವಾರವೇ ಮನೆಯಲ್ಲಿ ಇಟ್ಟುಕೊಳ್ಳಿ. ಅಪ್ಪ ಕುರ್ಚಿ ಮೇಲೆ ಕೂತಿರಲಿ, ಮೊಮ್ಮಕ್ಕಳು ಪಕ್ಕದಲ್ಲಿರಲಿ. ಗುರುಗಳು ಮಾತಿಲ್ಲದೆ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ಆಮೇಲೆ ಹಣೆಗೆ ಮತ್ತು ಎರಡೂ ಅಂಗೈಗೆ ಎಣ್ಣೆ ಹಚ್ಚುತ್ತಾರೆ. ಗದ್ದೆ ಕೆಲಸ ಮಾಡಿ ಒರಟಾದ ಆ ಕೈಗೆ ಎಣ್ಣೆ ಸೋಕುವುದನ್ನು ಅಮ್ಮ ಒಂದು ಸಲ ಕಣ್ಣಾರೆ ನೋಡಲಿ, ಭಯ ಅರ್ಧ ಇಳಿಯುತ್ತದೆ. ಎಲ್ಲ ಮುಗಿದ ಮೇಲೆ ಎಲ್ಲರೂ ಕೂತು ಊಟ ಮಾಡಿ. ಅಪ್ಪ ಬೇಗ ಹುಷಾರಾಗಲಿ.

ಪ್ರಶ್ನೆ: ಮಗಳ ದೀಕ್ಷಾಸ್ನಾನಕ್ಕೆ ನನ್ನ ಪ್ರಾಣಸ್ನೇಹಿತನನ್ನು ಜ್ಞಾನತಂದೆ (ಗಾಡ್ ಫಾದರ್) ಮಾಡಬೇಕು ಅಂತ ಆಸೆ. ಅವನು ಹಿಂದೂ.
— ಓದುಗ, ಮಂಡ್ಯ

ಉತ್ತರ: ಆಗುವುದಿಲ್ಲ. ಮಗುವಿನ ನಂಬಿಕೆಯನ್ನು ಬೆಳೆಸುತ್ತೇನೆ ಅಂತ ಮಾತು ಕೊಡುವ ಜಾಗ ಅದು. ತಾನು ನಂಬದ ಮಾತನ್ನು ಸ್ನೇಹಿತನ ಬಾಯಲ್ಲಿ ಹೇಳಿಸುವುದು ಅವರಿಗೂ ಅನ್ಯಾಯ. ಒಬ್ಬರೇ ಜ್ಞಾನತಾಯಿ ಇದ್ದರೂ ಸಾಕು ಅಂತ ನಿಯಮ ಇದೆ, ಅದು ಎಷ್ಟೋ ಜನರಿಗೆ ಗೊತ್ತಿಲ್ಲ. ಸ್ನೇಹಿತ ಕುಟುಂಬದ ಜೊತೆ ನಿಲ್ಲಲಿ, ಮಗುವನ್ನು ಎತ್ತಿಕೊಳ್ಳಲಿ. ಮುಂದೆ ಅವಳಿಗೆ ಒಳ್ಳೆಯ ಮಾವ ಆಗಿರಲು ಯಾವ ಚೀಟಿಯೂ ಬೇಡ.

ಪ್ರಶ್ನೆ: ನಮ್ಮ ಚರ್ಚಿನಲ್ಲಿ ಹೊಸ ಗುರುಗಳು ಬಲಿಪೂಜೆಯಲ್ಲಿ ಆರತಿ ಮಾಡಿಸಿದರು, ಎಣ್ಣೆ ದೀಪ ಹಚ್ಚಿಸಿದರು. ಹಿರಿಯರು "ಇದು ನಮ್ಮದಲ್ಲ" ಅಂತ ಗಲಾಟೆ ಮಾಡಿದರು. ಯಾರು ಸರಿ?
— ಓದುಗಿ, ಕೆ.ಆರ್. ನಗರ

ಉತ್ತರ: ಗುರುಗಳು ತಮ್ಮ ತಲೆಗೆ ತೋಚಿದ್ದನ್ನು ಮಾಡಲಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜಾವಿಧಿಯ ಬಗ್ಗೆ ದಾಖಲೆ ಹೊರಡಿಸಿ, ಜನ ಅರ್ಥ ಮಾಡಿಕೊಂಡು ತಾವೇ ಪಾಲ್ಗೊಳ್ಳಬೇಕು ಅಂದಿತು. ಅದರ ಬೆನ್ನಿಗೇ ಲ್ಯಾಟಿನ್ ಹೋಗಿ ಕನ್ನಡ ಬಂತು. 1969ರಲ್ಲಿ ಭಾರತದ ಧರ್ಮಾಧ್ಯಕ್ಷರು ಕೇಳಿಕೊಂಡ 12 ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರುವುದು, ಪಂಚಾಂಗ ಪ್ರಣಾಮ, ಕೈಮುಗಿದು ಶಾಂತಿ ಹಂಚಿಕೊಳ್ಳುವುದು, ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆ ದೀಪ, ಹೂವು ಧೂಪ ದೀಪದ ಆರತಿ, ಎಲ್ಲ ಅದರಲ್ಲಿವೆ.

ಈ ಕೆಲಸದ ಹಿಂದೆ ಹೆಚ್ಚು ದುಡಿದವರು ಫಾದರ್ ಡಿ.ಎಸ್. ಅಮಲೋರ್‌ಪವದಾಸ್. ಅವರು ನಮ್ಮ ಮೈಸೂರಿಗೇ ಬಂದು, ಮಾನಸಗಂಗೋತ್ರಿಯಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗ ಕಟ್ಟಿದರು, ಅಂಜಲಿ ಆಶ್ರಮ ಶುರುಮಾಡಿದರು. 1990ರಲ್ಲಿ ತೀರಿಕೊಂಡರು. ಅದಕ್ಕೂ ಬಹಳ ಹಿಂದೆ ಗಂಜಾಂ, ಶ್ರೀರಂಗಪಟ್ಟಣದ ಕಡೆ ಓಡಾಡಿಕೊಂಡಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಇಲ್ಲಿಯವರಂತೆಯೇ ಉಡುಗೆ ತೊಟ್ಟು ಬದುಕಿದ್ದರು, ಜನ ಅವರನ್ನು ದೊಡ್ಡಸ್ವಾಮಿ ಅಂತಲೇ ಕರೆಯುತ್ತಿದ್ದರು. ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರ್. ನಿಮ್ಮ ಪಕ್ಕದ ಡೋರನಹಳ್ಳಿಯಲ್ಲಿ ಸಂತ ಅಂತೋನಿಯವರ ಹಬ್ಬಕ್ಕೆ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿ ಧರ್ಮದವರೂ ಇರುತ್ತಾರೆ. ಇದೆಲ್ಲ ನಮ್ಮದೇ. ದೀಪ ಮಾತ್ರ ಹೇಗೆ ಪರಕೀಯ ಆಗುತ್ತದೆ?

ಆದರೆ ಹಿರಿಯರನ್ನೂ ಬಿಟ್ಟುಕೊಡಲಾರೆ. ಒಂದು ಭಾನುವಾರ ಇದ್ದಕ್ಕಿದ್ದಂತೆ ಎಲ್ಲವನ್ನೂ ಬದಲಾಯಿಸಿದರೆ ಯಾರಿಗಾದರೂ ನೋವಾಗುತ್ತದೆ. ಮೊದಲು ಪ್ರಬೋಧನೆಯಲ್ಲಿ ಅರ್ಥ ಹೇಳಬೇಕು, ಪಾಲನಾ ಸಮಿತಿಯಲ್ಲಿ ಮಾತಾಡಬೇಕು, ಜನ ಒಪ್ಪಿದಷ್ಟು ಮಾಡಬೇಕು. ಧರ್ಮಾಧ್ಯಕ್ಷರು ಬಂದ ದಿನ ಮಾತ್ರ ಹುಡುಗಿಯರಿಗೆ ರೇಷ್ಮೆ ಸೀರೆ ಉಡಿಸಿ ಆರತಿ ಎತ್ತಿಸುವುದಂತೂ ನನಗೆ ಹಿಡಿಸುವುದಿಲ್ಲ. ಅದು ಪ್ರಾರ್ಥನೆಗಿಂತ ಸ್ವಾಗತ ಸಮಾರಂಭವಾಗಿಬಿಡುತ್ತದೆ.

ಪ್ರಶ್ನೆ: ನಾನು ಕ್ಯಾಥೊಲಿಕ್, ನನ್ನನ್ನು ಮದುವೆ ಆಗುವವರು ಒಕ್ಕಲಿಗರು. ಅವರು ಮತ ಬದಲಾಯಿಸದೆ ಚರ್ಚಿನಲ್ಲಿ ಮದುವೆ ಆಗಬಹುದೇ? ಅವರ ಮನೆಯವರು ಧಾರೆಯೂ ಆಗಬೇಕು ಅನ್ನುತ್ತಿದ್ದಾರೆ.
— ಓದುಗಿ, ಮದ್ದೂರು

ಉತ್ತರ: ಆಗಬಹುದು. ಧರ್ಮಾಧ್ಯಕ್ಷರ ಅನುಮತಿ ಬೇಕು, ಅರ್ಜಿಯನ್ನು ನಿಮ್ಮ ಗುರುಗಳೇ ಕಳಿಸುತ್ತಾರೆ. ನಿಮ್ಮ ನಂಬಿಕೆ ಉಳಿಸಿಕೊಳ್ಳುತ್ತೇನೆ, ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆ ಅಂತ ನೀವು ಮಾತು ಕೊಡಬೇಕು. ಅವರು ಏನೂ ಪ್ರಮಾಣ ಮಾಡಬೇಕಿಲ್ಲ, ನೀವು ಕೊಟ್ಟ ಮಾತು ಅವರಿಗೆ ಗೊತ್ತಿರಬೇಕು, ಅಷ್ಟೇ. ಈ ಮದುವೆ ಧರ್ಮಸಭೆಯ ಕಣ್ಣಲ್ಲಿ ಪೂರ್ತಿ ಸಿಂಧು, ಆದರೆ ಒಬ್ಬರಿಗೆ ದೀಕ್ಷಾಸ್ನಾನ ಆಗಿಲ್ಲದ ಕಾರಣ ಸಂಸ್ಕಾರ ಅನ್ನಿಸಿಕೊಳ್ಳುವುದಿಲ್ಲ. ಸಾಮಾನ್ಯವಾಗಿ ಬಲಿಪೂಜೆ ಇಲ್ಲದೆ, ವಾಚನ ಮತ್ತು ಪ್ರಾರ್ಥನೆಯ ಜೊತೆ ನಡೆಯುತ್ತದೆ.

ಧಾರೆಯದು ಸ್ವಲ್ಪ ಬಿಗಿ. ಎರಡು ಕಡೆ ಎರಡು ಸಲ ಮದುವೆಯ ಒಪ್ಪಿಗೆ ಕೊಡುವಂತಿಲ್ಲ. ಅವರ ಕಡೆ ತೀರಾ ಕಷ್ಟ ಇದ್ದರೆ ಚರ್ಚಿನ ವಿಧಿಯಿಂದಲೇ ವಿನಾಯಿತಿ ಕೇಳುವ ದಾರಿಯೂ ಇದೆ. ಕಲ್ಯಾಣ ಮಂಟಪ ಬುಕ್ ಮಾಡುವ ಮುಂಚೆ ಗುರುಗಳ ಹತ್ತಿರ ಹೋಗಿ, ಆಮೇಲೆ ಅಲ್ಲ. ಇನ್ನೊಂದು ವಿಷಯ ಮನಸ್ಸಿನಲ್ಲಿರಲಿ. ಮದುವೆಗೋಸ್ಕರ ಅವರು ಅವಸರದಲ್ಲಿ ದೀಕ್ಷಾಸ್ನಾನ ಪಡೆಯುವುದು ಬೇಡ. ಮನಸ್ಸಿಲ್ಲದೆ ತಲೆಯೊಡ್ಡಿದರೆ ಆ ಸಂಸ್ಕಾರಕ್ಕೂ ಅವರ ಮನೆಯವರಿಗೂ ಅವಮಾನ.

ಪ್ರಶ್ನೆ: ತನ್ನನ್ನು ಸುಟ್ಟು, ಬೂದಿಯನ್ನು ಕಾವೇರಿಗೆ ಬಿಡಿ ಅಂತ ನಮ್ಮ ದೊಡ್ಡಪ್ಪ ಹೇಳಿದ್ದಾರೆ. ಒಪ್ಪಿಗೆ ಇದೆಯಾ?
— ಓದುಗ, ಶ್ರೀರಂಗಪಟ್ಟಣ

ಉತ್ತರ: ಸುಡಬಹುದು. 1963ರಿಂದ ಅನುಮತಿ ಇದೆ, ಸಾವಿನ ವಿಧಿಗಳನ್ನೂ ನಿರಾಕರಿಸುವಂತಿಲ್ಲ. ಬೂದಿಯನ್ನು ಹೊಳೆಗೆ ಬಿಡಲು ಮಾತ್ರ ಒಪ್ಪಿಗೆ ಇಲ್ಲ. ಚೆಲ್ಲಬಾರದು, ಪವಿತ್ರ ಜಾಗದಲ್ಲಿ ಇಡಬೇಕು ಅಂತ 2016ರಲ್ಲಿ ವ್ಯಾಟಿಕನ್ ಸ್ಪಷ್ಟವಾಗಿ ಹೇಳಿತು. ಪುನರುತ್ಥಾನ ಆಗುವ ದೇಹ ಇದು ಅನ್ನುವ ನಂಬಿಕೆ, ಹೆಸರು ಹಿಡಿದು ಪ್ರಾರ್ಥಿಸಲು ಒಂದು ಜಾಗ ಇರಲಿ ಅನ್ನುವ ಕಾಳಜಿ, ಎರಡೂ ಅದರ ಹಿಂದೆ ಇವೆ. ಕಾವೇರಿ ನೀರಲ್ಲಿ ಬದುಕು ಕಟ್ಟಿದವರ ಆಸೆ ನನಗೆ ಅರ್ಥವಾಗುತ್ತದೆ. ಸಮಾಧಿಭೂಮಿಯಲ್ಲಿ ಬೂದಿ ಇಡುವ ಬಗ್ಗೆ ಅವರು ಬದುಕಿರುವಾಗಲೇ ಅವರ ಜೊತೆ ಕೂತು ಮಾತಾಡಿ, ತೀರಿಹೋದ ಮೇಲೆ ಮಕ್ಕಳು ಜಗಳ ಆಡುವಂತೆ ಆಗಬಾರದು.

ಪ್ರಶ್ನೆ: ಅಮ್ಮನಿಗೆ ಮಂಡಿನೋವು, ಕೊರೊನಾ ಕಾಲದಿಂದ ಮೊಬೈಲಿನಲ್ಲೇ ಬಲಿಪೂಜೆ ನೋಡುತ್ತಾರೆ. ನಾನೂ ಪಕ್ಕದಲ್ಲಿ ಕೂತು ನೋಡಿಬಿಡುತ್ತೇನೆ. ಸಾಕಲ್ವಾ?
— ಓದುಗ, ಕುವೆಂಪುನಗರ, ಮೈಸೂರು

ಉತ್ತರ: ಅಮ್ಮನಿಗೆ ಸಾಕು. ಕಾಯಿಲೆಯವರಿಗೆ ಭಾನುವಾರದ ಕಟ್ಟುಪಾಡು ಇಲ್ಲವೇ ಇಲ್ಲ, ಮೊಬೈಲಿನ ಪೂಜೆ ಅವರಿಗೆ ಒಳ್ಳೆಯ ಆಸರೆ. ನಿಮಗೆ ಸಾಲದು. ಪರಮಪ್ರಸಾದ ಒಂದೇ ಮೇಜಿನ ಊಟ, ಪರದೆಯಲ್ಲಿ ನೋಡಿ ಹೊಟ್ಟೆ ತುಂಬುವುದಿಲ್ಲ. ಗಟ್ಟಿ ಇರುವ ಕಾಲು ನಿಮ್ಮದು, ಹೋಗಿ. ಹೋದಾಗ ಒಂದು ಕೆಲಸ ಮಾಡಿ. ಗುರುಗಳಷ್ಟೇ ಅಲ್ಲ, ಅನುಮತಿ ಪಡೆದ ಸಿಸ್ಟರುಗಳು ಮತ್ತು ಶ್ರೀಸಾಮಾನ್ಯರೂ ಮನೆಗೆ ಪರಮಪ್ರಸಾದ ತಂದುಕೊಡಬಹುದು, 1973ರಿಂದಲೂ ಈ ಅವಕಾಶ ಇದೆ. ಪೂಜೆ ಮುಗಿದ ಮೇಲೆ ಚರ್ಚಿನ ಆಫೀಸಿನಲ್ಲಿ ಅಮ್ಮನ ಹೆಸರು, ಮನೆ ವಿಳಾಸ ಬರೆಸಿ ಬನ್ನಿ.